ನಮ್ಮ ಮನೆಯ ಸರದಿ

ಅಪ್ಪ ತೀರಿಕೊಂಡ ಮೇಲೆ ನಮ್ಮಲ್ಲಿ ಒಂದು ಪದ್ಧತಿ ಶುರುವಾಯಿತು. ವರ್ಷಕ್ಕೊಮ್ಮೆ ಅವರ ನೆನಪಿನ ದಿನ ಮಠದ ಅಯ್ಯನವರನ್ನು ಮನೆಗೆ ಕರೆದು ಪಾದಪೂಜೆ ಮಾಡಿ ನೆಂಟರಿಗೆಲ್ಲ ಊಟ ಹಾಕುವುದು. ಒಂದು ವರ್ಷ ಅರಸೀಕೆರೆಯಲ್ಲಿ ದೊಡ್ಡಣ್ಣನ ಮನೆ, ಮರುವರ್ಷ ಗೆಂಡೆಹಳ್ಳಿಯಲ್ಲಿ ಚಿಕ್ಕಣ್ಣನ ಮನೆ, ಅದರ ಮರುವರ್ಷ ಹಾರನಹಳ್ಳಿಯಲ್ಲಿ ಅಕ್ಕನ ಮನೆ. ಹೆಣ್ಣುಮಕ್ಕಳಿಗೆ ಸರದಿ ಇಲ್ಲ ಅಂದವರ ಜೊತೆ ಜಗಳವಾಡಿ ಅಕ್ಕ ತನ್ನದನ್ನು ದಕ್ಕಿಸಿಕೊಂಡಿದ್ದಳು. ಊಟ ಮುಗಿದು ಎಲೆ ಅಡಿಕೆ ಹಾಕಿಕೊಳ್ಳುವಾಗ, ಮುಂದಿನ ವರ್ಷ ಯಾರ ಮನೆ ಎಂದು ಅವ್ವ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದಳು. ಕೊನೆಯ ಮಗನಾದ ನನ್ನ ಹೆಸರು ಮಾತ್ರ ಬರುತ್ತಿರಲಿಲ್ಲ. ಪಾದಪೂಜೆಗೆ ಗಂಡ ಹೆಂಡತಿ ಜೋಡಿಯಾಗಿ ಕೂರಬೇಕು. "ಅವನ್ನ ಬಿಡಿ, ಒಬ್ನೇ ಅವ್ನೆ" ಅನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಹಾಗಂತ ಹೋಳಿಗೆಯನ್ನೇನೂ ಬಿಡುತ್ತಿರಲಿಲ್ಲ.

ನಾನು ಒಂಟಿಯಾಗಿರಲಿಲ್ಲ. ಬೇಲೂರಿನ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದವನೊಬ್ಬ ತೊಂಬತ್ತರ ದಶಕದ ನಡುವಿನಿಂದಲೂ ಶನಿವಾರದ ಬಸ್ಸು ಹತ್ತಿ, ಹಳೇಬೀಡು, ಜಾವಗಲ್ ದಾಟಿ, ಅರಸೀಕೆರೆಯ ನನ್ನ ಬಾಡಿಗೆ ಮನೆಗೆ ಬರುತ್ತಿದ್ದ. ಸೋಮವಾರ ಬೆಳಗಿನ ಬಸ್ಸಿಗೆ ವಾಪಸು ಹೋಗುತ್ತಿದ್ದ. ಬೀದಿಯವರಿಗೆ ಅವನು ನನ್ನ ಸ್ನೇಹಿತ, ಅವ್ವನಿಗೆ 'ಬೇಲೂರಿನೋನು'. ನನಗಿಂತ ಚೆನ್ನಾಗಿ ಅಡಿಗೆ ಮಾಡುತ್ತಿದ್ದ, ಸಿಟ್ಟು ನನ್ನದರಲ್ಲಿ ಕಾಲುಭಾಗವೂ ಇರಲಿಲ್ಲ. ಅವನನ್ನು ನಾನು ಪ್ರೀತಿಸುತ್ತಿದ್ದೆ. ಈ ಒಂದು ವಾಕ್ಯ ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು.

ಒಂದು ಭಾನುವಾರ ಅವನು ಯಾವುದೋ ಹಳೆಯ ಇಂಗ್ಲಿಷ್ ಪತ್ರಿಕೆ ಓದುತ್ತಾ, "ಇಲ್ನೋಡು, ಯೂರೋಪಲ್ಲಿ ನಮ್ಮಂಥವರದ್ದೇ ಒಂದು ಹಬ್ಬ ಇದೆಯಂತೆ. ಒಂದೊಂದು ವರ್ಷ ಒಂದೊಂದು ಊರಿನೋರು ಮುಂದೆ ನಿಂತು ಮೆರವಣಿಗೆ ನಡೆಸ್ತಾರಂತೆ" ಅಂದ.

"ಅದರಲ್ಲೇನು ದೊಡ್ಡಸ್ತಿಕೆ? ನಮ್ಮಪ್ಪನ ಊಟವೂ ಹಂಗೇ ನಡೆಯೋದು" ಅಂದೆ.

ಇಲ್ಲಿಗೆ ಆ ಹಬ್ಬ ಬಂದರೆ ಯಾವ ಊರಿಗೆ ಮೊದಲ ಸರದಿ ಎಂದು ಆಮೇಲೆ ಎಷ್ಟೋ ದಿನ ಚರ್ಚೆ ಮಾಡಿದೆವು. ಅವನದು ಬೇಲೂರು ಎಂಬ ಹಟ. ನಾನು ಹಳೇಬೀಡು ಅಂದೆ. ಅಲ್ಲಿ ಎರಡು ಗುಡಿ ಅಕ್ಕಪಕ್ಕ ಅಂಟಿಕೊಂಡಿವೆ, ಎರಡರಲ್ಲೂ ಶಿವನೇ ಇದ್ದಾನೆ, ಇಷ್ಟು ಶತಮಾನದಲ್ಲಿ ಯಾರೂ ತಕರಾರು ತೆಗೆದಿಲ್ಲ. ಅರಸೀಕೆರೆ ಬೇಡವೇ ಬೇಡ ಎಂದು ಮಾತ್ರ ಇಬ್ಬರೂ ಒಪ್ಪಿದ್ದೆವು. ಅಲ್ಲಿ ಮೆರವಣಿಗೆ ದೊಡ್ಡಣ್ಣನ ಕೊಬ್ಬರಿ ಮಂಡಿಯ ಮುಂದೆಯೇ ಹಾಯಬೇಕಿತ್ತು.

ಎರಡು ಸಾವಿರದ ಒಂಬತ್ತರ ಆಸುಪಾಸಿನಲ್ಲಿ ಬೆಂಗಳೂರಿನಲ್ಲೇ ಅಂಥ ಮೆರವಣಿಗೆ ನಡೆಯುತ್ತಿದೆ ಎಂದು ಗೊತ್ತಾಯಿತು. ಅರಸೀಕೆರೆಯಿಂದ ಬೆಳಗಿನ ರೈಲು ಹತ್ತಿದೆವು. ಮನೆಯವರಿಗೆ ತಿಳಿಯಬಾರದು ಎನ್ನುವವರಿಗಾಗಿ ಅಲ್ಲಿ ರಟ್ಟಿನ ಮುಖವಾಡ ಹಂಚುತ್ತಿದ್ದರು. ಇಬ್ಬರೂ ಒಂದೊಂದು ಹಾಕಿಕೊಂಡೆವು. ನನ್ನದು ಕಿವಿಯ ತನಕ ಮುಚ್ಚುವ ಹುಲಿಯ ಮುಖ. ತಮಟೆ ಬಡಿಯುತ್ತಿತ್ತು. ನಮ್ಮಂಥವರು ಅಷ್ಟೊಂದು ಜನ ಹಗಲಿನಲ್ಲಿ ಒಂದೇ ರಸ್ತೆಯಲ್ಲಿ ನಿಂತಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಅಷ್ಟರಲ್ಲಿ ಯಾರೋ ಒಬ್ಬರು ಹೊರಡುವ ಮುಂಚೆ ಒಡೆಯಲೆಂದು ತೆಂಗಿನಕಾಯಿ ಎತ್ತಿದರು.

ಕೊಬ್ಬರಿ ಮಂಡಿಯಲ್ಲಿ ಬೆಳೆದವನಿಗೆ ಕಾಯಿ ಕಂಡರೆ ಕೈ ಸುಮ್ಮನಿರುವುದಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಸದ್ದು ಕೇಳಿಯೇ ಒಳಗಿನ ಸ್ಥಿತಿ ಹೇಳುವುದು ನಮ್ಮ ಕಸುಬು. ಆ ಕಾಯಿಯ ಕಣ್ಣಿನ ಹತ್ತಿರ ಬೂಷ್ಟು ಕಂಡಿತು. ಇಂಥ ದಿನ ಕೆಟ್ಟ ಕಾಯಿ ಒಡೆಯುವುದೇ? "ತಡೀರಿ, ತಡೀರಿ" ಎಂದು ಕಿತ್ತುಕೊಂಡೆ. ಮುಖವಾಡ ಕಿವಿಗೆ ಅಡ್ಡ ಬಂತು. ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಅಲ್ಲಾಡಿಸಿದೆ. ನೀರಿನ ಸದ್ದೇ ಇಲ್ಲ. ಬೇರೆ ಕಾಯಿ ತರಿಸಿ ಒಡೆಸಿದೆವು. ದೊಡ್ಡ ಕೆಲಸ ಮಾಡಿದವನಂತೆ ಹುಲಿಯ ಮುಖ ಮತ್ತೆ ಏರಿಸಿಕೊಂಡು ನಡೆದೆ.

ಮರುದಿನ ಕನ್ನಡ ಪತ್ರಿಕೆಯ ಒಳಪುಟದಲ್ಲಿ ನನ್ನ ಫೋಟೋ ಬಂದಿತ್ತು. ಹಿಂದೆ ಬಣ್ಣಬಣ್ಣದ ಬಾವುಟ, ಮುಂದೆ ಕಾಯಿಯನ್ನು ಕಿವಿಗೆ ಹಿಡಿದ ನಾನು. ಅರಸೀಕೆರೆಯಲ್ಲಿ ನನ್ನ ಮುಖ ಮರೆತವರೂ ಆ ಭಂಗಿಯನ್ನು ಗುರುತು ಹಿಡಿಯುತ್ತಾರೆ. ಪಕ್ಕದಲ್ಲಿ ಅವನು, ಮುಖವಾಡ ತೆಗೆಯದ ಜಾಣ. ಆದರೆ ತೊಟ್ಟಿದ್ದು ಪ್ರತಿ ಶನಿವಾರ ನಮ್ಮ ಬೀದಿಗೆ ತೊಟ್ಟು ಬರುತ್ತಿದ್ದ ಚೌಕಳಿ ಅಂಗಿ.

ಮಂಡಿಯಲ್ಲಿ ದೊಡ್ಡಣ್ಣ ಪತ್ರಿಕೆಯನ್ನು ನನ್ನ ಮುಂದೆ ಹಾಕಿದ. "ಏನ್ಲಾ ಇದು?"

"ಕಾಯಿ ಕೆಟ್ಟಿತ್ತು ಕಣಣ್ಣ" ಅಂದೆ.

ಅವತ್ತಿನಿಂದ ದೊಡ್ಡಣ್ಣ ನನ್ನ ಜೊತೆ ಮಾತು ಬಿಟ್ಟ. ತಿಂಗಳು ಕಳೆಯುವುದರೊಳಗೆ ಅಪ್ಪನ ಊಟದ ದಿನ ಬಂತು. ಆ ವರ್ಷ ಹಾರನಹಳ್ಳಿಯ ಅಕ್ಕನ ಮನೆ. ನನಗೆ ಕರೆ ಬರಲಿಲ್ಲ. ಪ್ರತಿ ವರ್ಷವೂ ಕರೆಯುವ ಪದ್ಧತಿ ಇರಲಿಲ್ಲ ನಿಜ, ಆದರೆ ಈ ಸಲ ಕರೆಯದಿರುವುದಕ್ಕೆ ಬೇರೆ ಅರ್ಥವಿರಬಹುದು ಅನಿಸಿತು. ಹೋದರೆ ಎಬ್ಬಿಸಿ ಕಳಿಸುತ್ತಾರೇನೋ. ಹೋಗದಿದ್ದರೆ ನಾನು ಆ ಮನೆಯವನಲ್ಲ ಎಂದು ನಾನೇ ಒಪ್ಪಿಕೊಂಡ ಹಾಗೆ. ಎರಡಕ್ಕೂ ಹೆದರಿದ್ದೆ.

"ಅಪ್ಪನ ಊಟಕ್ಕೆ ಯಾರಾದ್ರೂ ಕರೀಲಿ ಅಂತ ಕಾಯ್ತಾರೇನೋ? ಹೋಗು" ಅಂದ ನನ್ನ ಬೇಲೂರಿನವನು. ತಾನು ಬರಲಿಲ್ಲ.

ಟೆಂಪೋದಲ್ಲಿ ಹೋದೆ. ಯಾರೂ ಎಬ್ಬಿಸಲಿಲ್ಲ, ಮಾತೂ ಆಡಿಸಲಿಲ್ಲ. ಪಂಕ್ತಿಯಲ್ಲಿ ನನ್ನ ಎಡಬಲದ ಎಲೆಗಳು ಖಾಲಿ ಉಳಿದವು. ಅಕ್ಕ ಮಾತ್ರ ಹೋಳಿಗೆಗೆ ಎರಡು ಸಲ ತುಪ್ಪ ಸುರಿದು ಹೋದಳು, ಮುಖ ನೋಡದೆ. ಹೇಗೋ ನುಂಗಿದೆ. ಎಲೆ ಅಡಿಕೆಯ ತಟ್ಟೆ ಬಂದಾಗ ಎದ್ದು ಹೋಗಿಬಿಡೋಣ ಅಂದುಕೊಂಡೆ.

"ಬರೋ ವರ್ಷ ಕಿರಿಯೋನ ಮನೇಲಿ" ಅಂದಳು ಅವ್ವ.

ದೊಡ್ಡಣ್ಣನೇ ಮೊದಲು ಮಾತಾಡಿದ. "ಅವ್ವ, ಪಾದಪೂಜೆಗೆ ಜೋಡಿ ಬೇಕು. ಗೊತ್ತಿಲ್ವಾ ನಿಂಗೆ?"

"ಗೊತ್ತೈತೆ. ಒಬ್ನೇ ಅವ್ನೆ ಅಂತಾನೇ ಇಷ್ಟು ವರ್ಷ ಬಿಟ್ಟಿದ್ದು. ಒಬ್ನೇ ಅಲ್ವಲ್ಲ. ಪೇಪರ್‌ನೋರಿಗೆ ಗೊತ್ತಾಗಿದ್ದು ನಮಗೆ ಗೊತ್ತಾಗಬಾರ್ದಾ?"

"ಹಂಗಾದ್ರೆ ನಾನು ಬರಲ್ಲ."

"ಬರ್ದಿದ್ರೆ ಬಿಡು. ಎರಡು ಬೀದಿ ತಾನೆ, ನಾನ್ ನಡ್ಕೊಂಡು ಹೋಗ್ತೀನಿ" ಎಂದು ಅವ್ವ ಎಲೆಗೆ ಸುಣ್ಣ ಸವರತೊಡಗಿದಳು. ಅವಳು ಇದ್ದದ್ದು ದೊಡ್ಡಣ್ಣನ ಮನೆಯಲ್ಲೇ. ಅವತ್ತು ಸಂಜೆ ಅವನ ಜೊತೆಗೇ ವಾಪಸು ಹೋಗಬೇಕಿತ್ತು. ನಾನು ಹಿತ್ತಲಿಗೆ ಹೋಗಿ, ಬಚ್ಚಲ ಕಲ್ಲಿನ ಮೇಲೆ ಕೂತು, ನಾಚಿಕೆ ಬಿಟ್ಟು ಅತ್ತೆ.

ಶನಿವಾರ ಅವನು ಬಂದಾಗ ನಡೆದದ್ದನ್ನೆಲ್ಲ ಹೇಳಿದೆ. ಅವ್ವ ಅಂದದ್ದು, ಅಣ್ಣ ಅಂದದ್ದು, ಒಂದೂ ಬಿಡಲಿಲ್ಲ. ಅವನು ಅಂಗಿ ಬಿಚ್ಚಿ ಮೊಳೆಗೆ ಹಾಕಿ, ಒಲೆಯ ಮೇಲೆ ಅನ್ನಕ್ಕೆ ನೀರಿಟ್ಟ. ಆಮೇಲೆ ಕೇಳಿದ, "ಎಷ್ಟು ಜನ ಆಗ್ತಾರೆ?"

"ನಲವತ್ತು. ದೊಡ್ಡಣ್ಣನ ಮನೆಯವರು ಏಳು ಜನ ಬರಲ್ಲ, ಅವರನ್ನು ಬಿಟ್ಟರೆ ಮೂವತ್ತಮೂರು."

"ನಲವತ್ತಕ್ಕೇ ಮಾಡಣ" ಅಂದ.