ಬಾಣಂತಿ ಮುರಿದುಕೊಂಡ ಮುದ್ದೆ

೧೯೪೩ರ ಬೇಸಿಗೆಯಲ್ಲಿ ದೊಡ್ಡಬಳ್ಳಾಪುರದ ಒಂದು ಹೆರಿಗೆ ಆಸ್ಪತ್ರೆಗೆ ಹೊರದೇಶದಿಂದ ದಾನವಾಗಿ ಬರುತ್ತಿದ್ದ ಹಾಲಿನ ಪುಡಿಯ ಡಬ್ಬಗಳು ನಿಂತುಹೋದವು. ಹತ್ತಿರದ ನಮ್ಮೂರು ಮಧುರೆಯಿಂದ ನಡೆದು ಹೋಗಿದ್ದ ನನಗೆ ನರ್ಸಮ್ಮ ಬಾಗಿಲಲ್ಲೇ ಹೇಳಿದರು: “ಯುದ್ಧ ಕಣಪ್ಪ. ಹಡಗು ಬಂದ್ರೆ ತಾನೆ ಡಬ್ಬ ಬರೋದು?”

ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ಅಕ್ಕನಿಗೆ ಎದೆಹಾಲು ಸಾಲುತ್ತಿರಲಿಲ್ಲ. ಮನೆಯ ಹಸುವಿನ ಹಾಲೂ ಬತ್ತಿತ್ತು. ಎರಡು ತಿಂಗಳ ಮಗು ಡಬ್ಬದ ಹಾಲಿನಲ್ಲೇ ಜೀವ ಹಿಡಿದಿತ್ತು. ನಾನು ಬರಿಗೈಯಲ್ಲಿ ಮರಳಿದೆ. ನಾಲ್ಕಾರು ದಿನಗಳಲ್ಲಿ ಮಗುವಿನ ಅಳುವೂ ಕ್ಷೀಣವಾಯಿತು.

ನಮ್ಮಲ್ಲಿ ಬಾಣಂತಿಗೆ ಹಳೆ ಅಕ್ಕಿಯ ಅನ್ನ, ಮೆಣಸಿನ ಸಾರು. ರಾಗಿ ತಂಪು, ತಾಯಿ ತಿಂದರೆ ಮಗುವಿಗೆ ಶೀತವಾಗುತ್ತದೆ ಎಂದು ಮೂರು ತಿಂಗಳು ಮುಟ್ಟಗೊಡುತ್ತಿರಲಿಲ್ಲ. ಬರ್ಮಾದ ಅಕ್ಕಿ ನಿಂತ ಮೇಲೆ ರೇಷನ್ ಡಿಪೋದಲ್ಲಿ ಅಕ್ಕಿ ಸಿಗುವುದೇ ಕಷ್ಟವಾಗಿತ್ತು. ಸಿಕ್ಕಷ್ಟನ್ನೂ ಅವ್ವ ಅಕ್ಕನಿಗೇ ಎತ್ತಿಡುತ್ತಿದ್ದಳು. ಹೊತ್ತಿಗೊಂದು ಹಿಡಿ ಆಗುತ್ತಿತ್ತು. ನೆಲದೊಳಗಿನ ಹಗೇವಿನಲ್ಲಿ ಮಾತ್ರ ಬೇಕಾದಷ್ಟು ರಾಗಿ ಇತ್ತು. ನಾವೆಲ್ಲ ಹೊಟ್ಟೆ ತುಂಬ ಮುದ್ದೆ ಉಣ್ಣುತ್ತಿದ್ದೆವು. ಹಾಲೂಡಿಸುವ ಅಕ್ಕನೊಬ್ಬಳೇ ಅರೆಹೊಟ್ಟೆ.

ಒಂದು ಮಧ್ಯಾಹ್ನ ನಾನು ಊಟಕ್ಕೆ ಕೂತಿದ್ದೆ. ಅಕ್ಕ ಬಾಣಂತಿ ಕೋಣೆಯಿಂದ ಎದ್ದು ಬಂದು ನನ್ನ ತಟ್ಟೆಯ ಮುದ್ದೆಯಲ್ಲಿ ಅರ್ಧ ಮುರಿದುಕೊಂಡಳು.

“ಲೇ, ಮುಟ್ಟಬೇಡ್ವೇ! ಕೂಸಿಗೆ ಶೀತ ಆಯ್ತದೆ” ಎಂದು ಅಜ್ಜಿ ಕೂಗಿದಳು.

“ಶೀತ ಆದ್ರೆ ಕಷಾಯ ಕುಡಿಸ್ತೀನಿ. ಹಸಿವಿಗೆ ಯಾವ ಕಷಾಯ ಐತೆ, ನೀನೇ ಹೇಳು” ಎಂದಳು ಅಕ್ಕ.

“ಬಾಯಿ ನೋಡು ಇವಳ್ದು! ಗಂಡನ ಮನೇಲಿ ಇದನ್ನೇ ಕಲ್ತ್ಕೊಂಡು ಬಂದ್ಯಾ?”

“ಅಲ್ಲಿ ಹೊಟ್ಟೆ ತುಂಬ ಇಕ್ತಾರೆ ಕಣಜ್ಜಿ.”

ಅಕ್ಕ ನಿಂತಲ್ಲೇ ಸೊಪ್ಪಿನ ಸಾರಿಗೆ ಅದ್ದಿ ನುಂಗಿದಳು. ಸಂಜೆಯವರೆಗೂ ಅಜ್ಜಿ ಮಗುವಿನ ಪಕ್ಕ ಬಿಟ್ಟೇಳಲಿಲ್ಲ. ಮೂಗು, ಎದೆ ಮುಟ್ಟಿ ಮುಟ್ಟಿ ನೋಡಿದಳು. ಶೀತವಾಗಲಿಲ್ಲ. ಮರುದಿನ ಅಕ್ಕನ ತಟ್ಟೆಗೆ ಮುದ್ದೆ ಹಾಕಿದವಳು ಅಜ್ಜಿಯೇ. “ಬಿಸಿ ಇದ್ದಾಗ್ಲೇ ನುಂಗು. ಆಮೇಲೆ ಏನಾರ ಆದ್ರೆ ನನ್ನ ಅನ್ಬೇಡ” ಎಂದಳು.

ವಾರ ಕಳೆಯುವಷ್ಟರಲ್ಲಿ ಎದೆಹಾಲು ಹೆಚ್ಚಿತು. ಮಗು ಬೀದಿಗೆ ಕೇಳುವಂತೆ ಅಳತೊಡಗಿತು. ಅವ್ವ ಅದನ್ನು ಸುಮ್ಮನಾಗಿಸಲು ಹೋಗದೆ ನಗುತ್ತಾ ಕೂತಿದ್ದಳು.

ದಸರೆ ಕಳೆದ ಮೇಲೆ ಭಾವ ಗಾಡಿ ಕಟ್ಟಿಕೊಂಡು ಬಂದು ತಾಯಿ ಮಗುವನ್ನು ತಮ್ಮೂರು ಸಮೇತನಹಳ್ಳಿಗೆ ಕರೆದೊಯ್ದರು. ಸಂಕ್ರಾಂತಿಗೆ ಅಲ್ಲಿಂದ ಬಂದ ನೆಂಟರು, ಮಗು ಗೋಡೆ ಹಿಡಿದು ನಿಲ್ಲುತ್ತದೆ ಎಂದು ತಿಳಿಸಿದರು.