ಹೆಂಡತಿಯ ತಮ್ಮನ ಹೆಲ್ಮೆಟ್

ಹೊಟ್ಟೆಕಿಚ್ಚು ಪಡಲು ದೊಡ್ಡ ಕಾರಣವೇನೂ ಬೇಕಿಲ್ಲ. ನನಗೆ ಒಂದು ಹೆಲ್ಮೆಟ್ ಸಾಕಾಯಿತು. ಅದು ನನ್ನ ಹೆಂಡತಿಯ ತಮ್ಮನದು. ವಿಜಯಪುರದ ಕಡೆಯಿಂದ ಮುಂಬಯಿಗೆ ಬಂದು ಧಾರಾವಿಯ ನಮ್ಮ ಖೋಲಿಯಲ್ಲೇ ಉಳಿದುಕೊಂಡವನು. ರಾಡ್ ಹಿಡಿಯುವುದನ್ನು, ಸದ್ದು ಕೇಳಿಯೇ ಬೆಸುಗೆ ಕೂತಿದೆಯೋ ಇಲ್ಲವೋ ತಿಳಿಯುವುದನ್ನು ಅವನಿಗೆ ನಾನೇ ಕಲಿಸಿದ್ದೆ.

ಇಬ್ಬರೂ ಮುಲುಂಡಿನ ಒಬ್ಬ ಶೇಠನ ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಮಾಡುತ್ತಿದ್ದೆವು. ಕಿಟಕಿಯ ಗ್ರಿಲ್, ಮೆಟ್ಟಿಲ ಕಂಬಿ, ಗೇಟು. ನನ್ನ ಬಳಿ ಇದ್ದದ್ದು ಕೈಯಲ್ಲಿ ಹಿಡಿಯುವ ಶೀಲ್ಡ್. ಕಪ್ಪು ಗಾಜು ಕೂರಿಸಿದ ಒಂದು ಹಲಗೆ, ಅದಕ್ಕೊಂದು ಹಿಡಿ. ಎಡಗೈ ಅದಕ್ಕೇ ಮೀಸಲು. ಬೆಂಕಿ ಹತ್ತುವವರೆಗೆ ಆ ಗಾಜಿನ ಹಿಂದೆ ಏನೂ ಕಾಣುವುದಿಲ್ಲ. ಹಾಗಾಗಿ ರಾಡನ್ನು ಜಾಗಕ್ಕೆ ಹಿಡಿದು, ಶೀಲ್ಡನ್ನು ಮುಖಕ್ಕೆ ಅಡ್ಡ ತಂದು, ಅಂದಾಜಿನ ಮೇಲೆ ಕಬ್ಬಿಣಕ್ಕೆ ಗೀರಬೇಕು. ಇಪ್ಪತ್ತು ವರ್ಷ ಹಾಗೇ ಗೀರಿದ್ದೇನೆ, ಯಾರೂ ಏನೂ ಅಂದಿರಲಿಲ್ಲ.

ಅವನು ತಂದದ್ದು ತಾನಾಗಿ ಕಪ್ಪಾಗುವ ಹೆಲ್ಮೆಟ್. ಹಾಕಿಕೊಂಡರೆ ಹಣೆಯಿಂದ ಗದ್ದದ ಕೆಳಗಿನವರೆಗೆ, ಎರಡು ಕಿವಿಯ ತನಕ ಮುಚ್ಚುತ್ತದೆ. ಹಾರುವ ಕಿಡಿ ಕೆನ್ನೆಗೆ ತಾಗುವ ಮಾತೇ ಇಲ್ಲ. ಒಳಗಿನಿಂದ ಕೆಲಸದ ಜಾಗ ತಿಳಿಹಸಿರಾಗಿ ಕಾಣುತ್ತದೆ. ಬೆಂಕಿ ಹತ್ತಿದ್ದೇ ಗಾಜು ಕಪ್ಪಾಗುತ್ತದೆ, ಆರಿದರೆ ಮತ್ತೆ ತಿಳಿಯಾಗುತ್ತದೆ. ಮುಖ್ಯವಾಗಿ ಎಡಗೈ ಬಿಡುವಾಗುತ್ತದೆ. ಅವನು ಎಡಗೈಯನ್ನು ಬಲಗೈಗೆ ಆಸರೆಯಾಗಿಟ್ಟು ಎಳೆದ ಬೆಸುಗೆ ಒಂದೇ ಸಮ ಬರುತ್ತಿತ್ತು. “ದೋನೋ ಹಾಥ್ ಕಾ ಕಾಮ್ ಹೈ,” ಎಂದು ಶೇಠ ಬಂದವರಿಗೆಲ್ಲ ತೋರಿಸುತ್ತಿದ್ದ. ಎರಡು ಕೈಯ ಕೆಲಸವಂತೆ. ನಾನೂ ಅಂಥದ್ದೊಂದು ಕೊಳ್ಳಬಹುದಿತ್ತು. ಆದರೆ ಅವನನ್ನು ನೋಡಿ ಕೊಂಡ ಹಾಗೆ ಆಗುತ್ತದಲ್ಲ!

ಆ ಹೊತ್ತಿಗೆ ಒಂದು ಹೌಸಿಂಗ್ ಸೊಸೈಟಿಯ ಮುಖ್ಯ ಗೇಟಿನ ಕೆಲಸ ಬಂತು. ರಸ್ತೆಗೆ ಮುಖ ಮಾಡಿದ ದೊಡ್ಡ ಗೇಟು, ಹೋಗುವವರು ಬರುವವರು ನೋಡುವಂಥದ್ದು. ಅಂಥ ಗೇಟುಗಳನ್ನೆಲ್ಲ ನಾನೇ ಮಾಡುತ್ತಿದ್ದೆ. ಈ ಸಲ ಶೇಠ ಇಬ್ಬರಿಗೂ ಒಂದೊಂದು ಸಣ್ಣ ಚೌಕಟ್ಟು ಕೊಟ್ಟು, ಯಾರದು ಚೆನ್ನಾಗಿದೆಯೋ ಅವರಿಗೆ ಗೇಟು ಎಂದ. ನಾನು ಕಲಿಸಿದವನ ಜೊತೆ ನನಗೇ ಪರೀಕ್ಷೆ. ಮೈಯೆಲ್ಲ ಉರಿಯಿತು.

ಮಧ್ಯಾಹ್ನಕ್ಕೆ ಮುಂಚೆ ಅವನು ಚಹಾ ತರಲು ಹೋದ. ಹೆಲ್ಮೆಟ್ ಬೆಂಚಿನ ಮೇಲಿತ್ತು. ಅದರ ಪಕ್ಕದಲ್ಲೊಂದು ನಾಬ್. ಗ್ರೈಂಡರ್ ಹಿಡಿಯುವಾಗ ಅದನ್ನು ಕೊನೆಯವರೆಗೆ ತಿರುಗಿಸಿಕೊಳ್ಳಬೇಕು. ಆಮೇಲೆ ಗಾಜು ಕಪ್ಪಾಗುವುದೇ ಇಲ್ಲ. ಅವನೇ ಒಮ್ಮೆ ಹೆಮ್ಮೆಯಿಂದ ತೋರಿಸಿದ್ದ. ನಾನು ಕೊನೆಯವರೆಗೆ ತಿರುಗಿಸಿ ಇಟ್ಟೆ. ಅವನು ಕುರುಡಾಗಲಿ ಎಂದಲ್ಲ. ವೆಲ್ಡಿಂಗ್ ಬೆಳಕು ಕಣ್ಣಿಗೆ ಹೊಡೆದರೆ ಐದಾರು ತಾಸಿನ ಮೇಲೆ ಉರಿ ಶುರುವಾಗುತ್ತದೆ, ಎರಡು ದಿನ ಕಣ್ಣು ಬಿಡಲಾಗುವುದಿಲ್ಲ, ಆಮೇಲೆ ಸಾಮಾನ್ಯವಾಗಿ ಸರಿಹೋಗುತ್ತದೆ. ಆ ಎರಡು ದಿನ ನನಗೆ ಬೇಕಿತ್ತು.

ಅವನು ಬಂದು ಹೆಲ್ಮೆಟ್ ಹಾಕಿಕೊಂಡು ಗೀರಿದ. ಮರುಕ್ಷಣವೇ ರಾಡ್ ಎತ್ತಿ, ಹೆಲ್ಮೆಟ್ ತೆಗೆದು ನಾಬ್ ನೋಡಿದ, ಹಿಂದಕ್ಕೆ ತಿರುಗಿಸಿದ, ಮತ್ತೆ ಕೆಲಸಕ್ಕೆ ಬಗ್ಗಿದ. ಅಷ್ಟು ಬೆಳಕು ಸಾಕಾಯಿತೋ ಇಲ್ಲವೋ ನನಗೆ ತಿಳಿಯದು. ಈಗ ಕಣ್ಣುಜ್ಜುತ್ತಾನೆ, ಇನ್ನೊಂದು ಗಳಿಗೆಗೆ ಉಜ್ಜುತ್ತಾನೆ ಎಂದು ನಾಲ್ಕು ಅಡಿ ದೂರದಲ್ಲಿ ನಿಂತು ಅವನನ್ನೇ ನೋಡಿದೆ. ಅವನು ಒಂದು ಮೂಲೆ ಮುಗಿಸಿದ, ಇನ್ನೊಂದು ಮುಗಿಸಿದ. ನನ್ನ ಶೀಲ್ಡ್ ಕೈಯಲ್ಲಿ ಕೆಳಗೆ ಜೋಲುತ್ತಿತ್ತು.

ಸಂಜೆ ಸಾಯನ್‌ವರೆಗೆ ಲೋಕಲ್ ರೈಲಿನಲ್ಲಿ ಎದುರುಬದುರು ಕೂತೆವು. ಭಾಂಡುಪ್ ದಾಟುವಾಗ ಅವನ ಕಣ್ಣು ನೋಡಿದೆ, ಬೆಳ್ಳಗಿತ್ತು. ವಿಕ್ರೋಳಿಯಲ್ಲಿ ಮತ್ತೆ ನೋಡಿದೆ. ಘಾಟ್ಕೋಪರ್ ಬರುವ ಹೊತ್ತಿಗೆ ನನ್ನ ಕಣ್ಣಲ್ಲಿ ಮರಳು ಬಿದ್ದಂತಾಗಿ ನೀರು ಸುರಿಯತೊಡಗಿತು. ಕುರ್ಲಾದಲ್ಲಿ ರೆಪ್ಪೆ ತೆರೆಯಲು ಆಗಲಿಲ್ಲ. ಸಾಯನ್ ಸ್ಟೇಷನ್ನಿನ ಮೆಟ್ಟಿಲುಗಳನ್ನು ಅವನು ನನ್ನ ಕೈ ಹಿಡಿದು ಹತ್ತಿಸಿದ. ಅವನ ಕೈ ಹಿಡಿಯದೆ ವಿಧಿಯಿರಲಿಲ್ಲ. ಅದಕ್ಕೂ ನನಗೆ ಸಿಟ್ಟು ಬಂತು.

ಮನೆಯಲ್ಲಿ ಹೆಂಡತಿ ನನ್ನ ಕಣ್ಣಿನ ಮೇಲೆ ಒದ್ದೆ ಬಟ್ಟೆ ಇಟ್ಟಳು. “ಇಷ್ಟ್ ವರ್ಷ ಆಗದ್ದು ಇವತ್ತ ಹ್ಯಾಂಗಾತ್ರಿ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ತಮ್ಮನಿಗೆ ರೊಟ್ಟಿ ಬಡಿಸಲು ಎದ್ದಳು. ಮರುದಿನ ಬೆಳಿಗ್ಗೆ ಅವನೇ ಡಾಕ್ಟರ ಬಳಿ ಕರೆದೊಯ್ದ. ಬಿಸಿಲಿಗೆ ಚರ್ಮ ಸುಡುವ ಹಾಗೆ ವೆಲ್ಡಿಂಗ್ ಬೆಳಕಿಗೆ ಕಣ್ಣಿನ ಮೇಲ್ಪದರ ಸುಟ್ಟಿದೆ, ಕೆಲಸ ಬೇಡ ಎಂದು ಡಾಕ್ಟರು ಔಷಧಿ ಬರೆದುಕೊಟ್ಟರು. ಬರುವ ದಾರಿಯಲ್ಲಿ ಅವನು ತನ್ನ ಪಾಡಿಗೆ ಹೇಳಿದ:

“ಮಾಮಾ, ಆ ಗಾಜು ಕಪ್ಪ ಆಗ್ಲಿಲ್ಲಂದ್ರೂ ಕಣ್ಣು ಸುಡೋ ಕಿರಣ ತಡೀತೈತಿ. ಡಬ್ಬಿ ಮ್ಯಾಲ ಬರದಾರ. ನಾಬ್ ಹ್ಯಾಂಗಿದ್ರೂ ನನ್ನ ಕಣ್ಣಿಗೇನ್ ಆಗ್ತಿದ್ದಿಲ್ಲ.”

ಅವನಿಗೆ ಗೊತ್ತಾಗಿತ್ತು. ನಾನು ಕಣ್ಣು ಮುಚ್ಚಿಕೊಂಡೇ “ಹೂಂ” ಎಂದೆ. ಅವನು ಅಕ್ಕನಿಗೆ ಹೇಳಲಿಲ್ಲ, ಶೇಠನಿಗೂ ಹೇಳಲಿಲ್ಲ. ಹೇಳಿಬಿಟ್ಟಿದ್ದರೆ ಜಗಳವಾಡಬಹುದಿತ್ತು.

ಗೇಟು ಅವನಿಗೇ ಹೋಯಿತು. ಅದನ್ನು ನಿಲ್ಲಿಸಿದ ಮರುದಿನ ನಾನೊಬ್ಬನೇ ನೋಡಲು ಹೋದೆ. ಕೆಳಗಿನಿಂದ ಮೇಲಿನವರೆಗೆ ಒಂದೊಂದೇ ಬೆಸುಗೆಗೆ ಮುಖವಿಟ್ಟು, ಎಲ್ಲಾದರೂ ಒಂದು ತೂತು, ಒಂದು ಗಂಟು ಸಿಕ್ಕೀತೇ ಎಂದು ಹುಡುಕಿದೆ. ವಾಚ್‌ಮನ್ ಎರಡು ಸಲ ಏನು ಬೇಕು ಎಂದು ಕೇಳಿದ. ಏನೂ ಸಿಗಲಿಲ್ಲ. ಕಣ್ಣು ಇನ್ನೂ ಮಂಜಾಗಿರಬೇಕು ಎಂದು ಒರೆಸಿಕೊಂಡು ಮತ್ತೊಮ್ಮೆ ನೋಡಿದೆ. ಮಂಜಾಗಿರಲಿಲ್ಲ.