ಎಡಗಾಲೋ, ಬಲಗಾಲೋ

ಹೆಡ್ ಕಾನ್‌ಸ್ಟೇಬಲ್ ಮಾದಪ್ಪನವರು ಯಾವ ಕಾಗದವನ್ನೂ ಒಂದೇ ಸಲ ಓದಿ ಕೆಳಗಿಟ್ಟವರಲ್ಲ. ದಾರ ಕಟ್ಟಿದ ಕನ್ನಡಕವನ್ನು ಮೂಗಿನ ತುದಿಗಿಳಿಸಿ, ಸಾಲಿನ ಕೆಳಗೆ ಬೆರಳಾಡಿಸುತ್ತ, ತುಟಿ ಅಲುಗಿಸಿಕೊಂಡು ಓದುವರು. ಮುಗಿದ ಮೇಲೆ ಮತ್ತೆ ಮೊದಲಿನಿಂದ. “ಬರ್ದೋನು ಕಂಡು ಬರ್ದವ್ನೋ, ಕೇಳಿ ಬರ್ದವ್ನೋ, ಅಷ್ಟು ಗೊತ್ತಾಗ್ಲಿ ಇರವ್ವ” ಎನ್ನುವರು.

ಎರಡು ಸಾವಿರದ ಇಸವಿ ಕಳೆದ ಹೊಸತು. ಕನಕಪುರದಾಚೆ, ಗಡಿಗೆ ಹತ್ತಿರದ ಒಂದು ಠಾಣೆಯಲ್ಲಿ ನಾನು ಟೈಪಿಸ್ಟ್. ಕಾಡಿನಲ್ಲಿ ಅಡಗಿದ್ದ ದರೋಡೆಕೋರರನ್ನು ಹಿಡಿಯಲು ನಮ್ಮ ಸರ್ಕಾರವೂ ತಮಿಳುನಾಡಿನ ಸರ್ಕಾರವೂ ಕೈಜೋಡಿಸಿ, ಸಿಕ್ಕ ಗುಪ್ತ ಸುದ್ದಿಯನ್ನು ಹಂಚಿಕೊಳ್ಳುತ್ತಿದ್ದವು. ಮಾದಪ್ಪನವರ ತಾಯಿ ಹೊಸೂರಿನ ಕಡೆಯವರು. ಹಾಗಾಗಿ ತಮಿಳು ಕಾಗದ ಬಂದರೆ ಓದಿ ಹೇಳುವ ಕೆಲಸ ಅವರದೇ.

ಮರಳವಾಡಿಯ ಕೆಂಪಯ್ಯನೆಂಬ ಕುಂಟ ವಾರವಾರ ಟೆಂಪೋದಲ್ಲಿ ಅಕ್ಕಿ ಮೂಟೆ ಸಾಗಿಸುತ್ತಾನೆ, ಅದು ಕಾಡಿಗೇ ಇರಬೇಕು ಎಂದು ಯಾರೋ ಪಿಸುಗುಟ್ಟಿದ್ದರು. ಆ ಟಿಪ್ಪಣಿಯನ್ನು ನಾನೇ ಟೈಪು ಮಾಡಿ ಗಡಿಯಾಚೆಗೆ ಕಳಿಸಿದ್ದೆ. ತಿಂಗಳಾದ ಮೇಲೆ ಅಲ್ಲಿಂದಲೂ ಅದೇ ಸುದ್ದಿ ತಮಿಳು ವರದಿಯಾಗಿ ಬಂತು. ಇನ್‌ಸ್ಪೆಕ್ಟರು ಕೆಂಪಯ್ಯನನ್ನು ಎಳೆತರಿಸಿದರು. ಮರುದಿನ ಅವನನ್ನು ಗಡಿಯಾಚೆ ಒಪ್ಪಿಸುವುದೆಂದಾಯಿತು. ಹಾಗೆ ಹೋದವರು ಬೇಗ ಮನೆಗೆ ಮರಳುತ್ತಿರಲಿಲ್ಲ. ಬೆಂಚಿನ ಮೇಲೆ ಕುಳಿತ ಅವನಿಗೆ ಅಳುವುದಕ್ಕೂ ಭಯ.

ಮಾದಪ್ಪನವರು ಆ ವರದಿಯನ್ನು ಮೂರನೆಯ ಸಲ ಓದಿ ನನ್ನನ್ನು ಕರೆದರು.

“ಇದ್ರಲ್ಲಿ ಎಡಗಾಲು ಕುಂಟು ಅಂತ ಐತೆ. ಆವಯ್ಯಂದು ಯಾವ ಕಾಲವ್ವ?”

ಬಗ್ಗಿ ನೋಡಿದೆ. ಬಲಗಾಲು. ನಾವು ಕಳಿಸಿದ್ದ ಟಿಪ್ಪಣಿಯ ನಕಲು ತೆಗೆದೆ. ಕೈಬರಹದಲ್ಲಿ ಬಲ ಎಂದಿದ್ದುದನ್ನು ಎಡ ಎಂದು ಟೈಪು ಮಾಡಿದವಳು ನಾನೇ.

ಅವರು ಗದರಲಿಲ್ಲ. ಎರಡೂ ಕಾಗದ ಹಿಡಿದು ಒಳಗೆ ಹೋದರು.

“ಎರಡು ಸರ್ಕಾರ ಒಂದೇ ಮಾತು ಹೇಳ್ತಿವೆ. ಇನ್ನೇನ್ರೀ ಬೇಕು?” ಎಂದರು ಇನ್‌ಸ್ಪೆಕ್ಟರು.

“ಎರಡು ಬಾಯಲ್ಲ ಸಾ, ಒಂದೇ ಬಾಯಿ. ನಾವು ಕೂಗಿದ್ದು ಗುಡ್ಡಕ್ಕೆ ಬಡ್ದು ವಾಪಸ್ ಬಂದದೆ. ಅಲ್ಲಿ ಯಾರೂ ಇವನ್ನ ಕಂಡಿಲ್ಲ. ಒಸಿ ಟೈಮ್ ಕೊಡಿ, ನಾನೇ ಅಕ್ಕಿ ಎಲ್ಗೋಯ್ತದೆ ನೋಡ್ಕಂಡು ಬತ್ತೀನಿ.”

ಇನ್‌ಸ್ಪೆಕ್ಟರು ಒಂದು ದಿನ ಕೊಟ್ಟರು. ಮಾದಪ್ಪನವರು ಅಕ್ಕಿ ಎಲ್ಲಿಗೆಂದು ಕೆಂಪಯ್ಯನನ್ನೇ ಕೇಳಿ, ಮರುದಿನ ಬೆಳಿಗ್ಗೆ ಬಸ್ಸು ಹಿಡಿದು ಬಿಡದಿಗೆ ಹೋದರು. ಸಂಜೆಯ ಹೊತ್ತಿಗೆ ಕಾರ್ಖಾನೆ ಕೆಲಸದ ಐದಾರು ಜನರನ್ನು ಜೊತೆಗೇ ಕರೆತಂದರು. “ನಮ್ಗೆಲ್ಲ ಎರಡೊತ್ತು ಅನ್ನ ಇಕ್ಕೋನು ಇವ್ನೇ ಸ್ವಾಮಿ. ಇವ್ನ ಮೆಸ್ಸು ನಿನ್ನೆಯಿಂದ ಮುಚ್ಚದೆ, ಉಪಾಸ ಅವ್ರೆ ಹುಡುಗ್ರು” ಎಂದ ಅವರಲ್ಲೊಬ್ಬ. ಕೆಂಪಯ್ಯನನ್ನು ಬಿಟ್ಟರು.

ಎರಡು ತಿಂಗಳಿಗೆ ಮಾದಪ್ಪನವರಿಗೆ ದೂರದೂರಿಗೆ ವರ್ಗವಾಯಿತು. ಇನ್‌ಸ್ಪೆಕ್ಟರಿಗೆ ಎದುರು ಹೇಳಿದ್ದಕ್ಕೆ ಸಿಕ್ಕ ಶಿಕ್ಷೆ ಅದು. ನಿವೃತ್ತಿಗೆ ವರ್ಷವೂ ಇರಲಿಲ್ಲ. ಬಸ್‌ಸ್ಟ್ಯಾಂಡಿಗೆ ಹೋಗಿ, “ಎಲ್ಲ ನನ್ನ ತಪ್ಪಿನಿಂದ” ಎಂದೆ.

“ನೀನು ಸರ್ಯಾಗಿ ಟೈಪ್ ಮಾಡಿದ್ರೆ ಆವಯ್ಯ ಉಳ್ಕತಿರ್ಲಿಲ್ಲ ಕಣವ್ವ. ಹಂಗಂತ ಇನ್ಮೇಲೂ ತಪ್ಪು ಮಾಡ್ಬೇಡ” ಎಂದು ನಕ್ಕು ಬಸ್ಸು ಹತ್ತಿದರು. ಅದೇ ಕೊನೆಯ ಭೇಟಿ.

ಅವರು ತೀರಿಕೊಂಡ ಸುದ್ದಿ ತಡವಾಗಿ ತಿಳಿದು ಚನ್ನಪಟ್ಟಣದ ಮನೆಗೆ ಹೋದೆ. ಮಗಳು ಕಾಫಿ ತಂದುಕೊಟ್ಟಳು. ನಡೆದದ್ದನ್ನೆಲ್ಲ ಹೇಳಿದೆ.

“ವಯಸ್ಸಾದ ಮೇಲೆ ಯಾಕಪ್ಪ ಅಷ್ಟು ದೂರ ಹಾಕುದ್ರು ಅಂದ್ರೆ, ಅಲ್ಲಿ ನೀರು ಚೆನ್ನಾಗದೆ ಕಣವ್ವ ಅಂತಿತ್ತು ಅಪ್ಪ” ಎಂದು ನನ್ನ ಕೈ ಹಿಡಿದುಕೊಂಡಳು.